ನಗುವಿಗೆ ಮುಯ್ಯಾಳು

ಕಂಪಲಾಪುರದ ಕಾಂತರಾಜು ಸುಳ್ಳು ಹೇಳುವ ಮನುಷ್ಯನಲ್ಲ. ಸಿಟ್ಟು ಬಂದಾಗ ಬಾಯಿಗೆ ಬಂದದ್ದನ್ನು ಹೇಳಿಬಿಡುತ್ತಿದ್ದ, ಆಮೇಲೆ ಅದನ್ನು ನಿಜ ಮಾಡಲು ಒದ್ದಾಡುತ್ತಿದ್ದ, ಅಷ್ಟೇ. ಸಿಟ್ಟು ಹೊತ್ತು ಹೊತ್ತಿಗೆ ಬರುತ್ತಿದ್ದುದರಿಂದ ಒದ್ದಾಟಕ್ಕೂ ಬಿಡುವಿರಲಿಲ್ಲ.

ಈ ಸಲದ ಸಿಟ್ಟು ಬಂದದ್ದು ಭೇರ್ಯದಲ್ಲಿ, ಅಕ್ಕ ಮರಮ್ಮನ ಮೊಮ್ಮಗನ ನಾಮಕರಣದ ಪಂಕ್ತಿಯಲ್ಲಿ. ಕಾಂತರಾಜುವಿನ ಮಗಳು ಅನುಶ್ರೀ ಮೈಸೂರಿನ ಕಾಲೇಜಿನಲ್ಲಿ ಓದುವಾಗ ಅಲ್ಲಿಯ ಹಾಡುವ ಗುಂಪಿಗೆ ಸೇರಿದ್ದಳು. ಹೆಣ್ಣು ಹುಡುಗಿಗೆ ಇದೆಲ್ಲ ಯಾಕೆ ಎಂದು ಮರಮ್ಮ ಆಗಿನಿಂದಲೂ ಗೊಣಗುತ್ತಿದ್ದಳು. ಈಗ ಅದೇ ಗುಂಪನ್ನು ಯಾರೋ ಸಿನಿಮಾಕ್ಕೆ ಕರೆದುಕೊಂಡಿದ್ದರು.

"ಅನು ಸಿನಿಮಾ ಸೇರ್ಕಂಡವಳಂತೆ?" ಎಂದು ಮರಮ್ಮ ಪಾಯಸ ಬಡಿಸುತ್ತಾ ಪಂಕ್ತಿಗೆಲ್ಲ ಕೇಳುವಂತೆ ವಿಚಾರಿಸಿದಳು. "ಏನ್ ಪಾರ್ಟು? ಹಿಂದ್ಗಡೆ ಗುಂಪ್ನಲ್ಲಿ ನಿಂತ್ಕಳಾದಾ?"

ಎಲೆಯ ಮುಂದೆ ಕೂತಿದ್ದ ಬೀಗರು ತಲೆಯೆತ್ತಿದರು.

"ಹಿಂದ್ಗಡೆ ಯಾಕ್ ನಿಂತ್ಕತಾಳೆ? ಅವಳೇ ಹೀರೋಯಿನ್ನು," ಅಂದ ಕಾಂತರಾಜು.

ಪಾಯಸದ ಸೌಟು ಗಾಳಿಯಲ್ಲಿ ನಿಂತಿತು. "ಅಂಗಾದ್ರೆ ನೋಡ್ಲೇಬೇಕಲ್ಲ. ಹುಣಸೂರಿಗೆ ಬಂದಾಗ ಹೇಳು. ಮನೆಮಂದಿಯೆಲ್ಲ ಬತ್ತೀವಿ."

ಮಗಳು ಅವನಿಗೆ ಹೇಳಿದ್ದು ಬೇರೆಯೇ. "ಅಪ್ಪಾ, ನಾವು ಎಂಟು ಜನ. ನಾನು ಎಡಗಡೆಯಿಂದ ನಾಲ್ಕನೆಯವಳು." ಎಂಟರಲ್ಲಿ ನಾಲ್ಕನೆಯವಳೆಂದರೆ ನಡುವಿನವಳು, ನಡುವೆ ನಿಲ್ಲಿಸುವುದು ಮುಖ್ಯವಾದವರನ್ನು, ಹಾಗಾಗಿ ಹೀರೋಯಿನ್ ಎಂದು ಅವನು ಲೆಕ್ಕ ಹಾಕಿಕೊಂಡಿದ್ದ. ಊರಿನ ಶಾಲೆಯಲ್ಲಿ ಅವನು ಲೆಕ್ಕದಲ್ಲಿ ಪಾಸಾದದ್ದು ಮೇಷ್ಟರ ಮನೆಗೆ ಸೌದೆ ಒಡೆದುಕೊಟ್ಟು.

ಸಿನಿಮಾದ ಹೆಸರು 'ಎಂಟು ಜನ ಒಂದು ಬಾಯಿ'. ಎರಡು ಕಾಲೇಜುಗಳ ಹಾಡುವ ಗುಂಪುಗಳು ಒಂದರ ಮೇಲೊಂದು ಪೈಪೋಟಿಗೆ ಬೀಳುವ ಹಾಸ್ಯದ ಕಥೆ. ಅದು ಒಂದು ಶುಕ್ರವಾರ ಹುಣಸೂರಿಗೆ ಬಂತು. ಭಾನುವಾರ ಮ್ಯಾಟ್ನಿಗೆ ಬರುತ್ತೇವೆಂದು ಮರಮ್ಮ ಫೋನು ಮಾಡಿದಳು. ಕಾಂತರಾಜು ಶುಕ್ರವಾರವೇ ಬೈಕು ಹತ್ತಿ ಪೋಸ್ಟರ್ ನೋಡಲು ಹೋದ. ಪೋಸ್ಟರಿನ ತುಂಬ ಹೀರೋನ ಭುಜವಿತ್ತು. ಭುಜದ ಹಿಂದೆ ಒಂದು ಕಿವಿ ಕಾಣುತ್ತಿತ್ತು. ಕಿವಿಯಲ್ಲಿದ್ದ ಓಲೆ ತಾನೇ ಮಾಡಿಸಿಕೊಟ್ಟದ್ದು ಎಂದು ಗುರುತಿಸಿ ಅವನು ಆ ಕಿವಿಯ ಫೋಟೋ ತೆಗೆದುಕೊಂಡ.

ಥಿಯೇಟರಿನ ಮ್ಯಾನೇಜರ್ ನಂಜುಂಡೇಶ್ ಗೇಟಿನ ಹತ್ತಿರ ಕಡಲೆಕಾಯಿ ತಿನ್ನುತ್ತಾ ನಿಂತಿದ್ದ.

"ಫ್ಯಾಮಿಲಿ ಪೂರ್ತಿ ಭಾನುವಾರ ಬತ್ತಾವ್ರೆ. ಒಳ್ಳೆ ಸೀಟು ಇಟ್ಟಿರು," ಅಂದ ಕಾಂತರಾಜು.

"ಭಾನುವಾರ ಈ ಪಿಚ್ಚರ್ ಇರಲ್ಲ ಗೌಡ್ರೇ. ಬೆಳಗಿನ ಆಟಕ್ಕೆ ಬಂದೋರಲ್ಲಿ ಅರ್ಧ ಜನ ಮಡಿಕೇರಿ ಬಸ್ ತಪ್ಪಿಸ್ಕೊಂಡೋರು. ಇನ್ನರ್ಧ ಫ್ಯಾನ್ ಕೆಳಗೆ ಮಲಗೋಕೆ ಬಂದೋರು. ಕಾಮಿಡಿ ಪಿಚ್ಚರ್ ಅಂತೆ, ಗೊರಕೆ ಬಿಟ್ರೆ ಒಂದು ಸದ್ದಿಲ್ಲ. ಹೊರಗೆ ಬಂದು ಯೂಟ್ಯೂಬಿನೋರ ಮೈಕಿಗೆ 'ಚೆನ್ನಾಗಿ ನಿದ್ದೆ ಬಂತು' ಅಂತ ಹೇಳಿಹೋದ್ರು. ನಾಳೆಯಿಂದ ಹೊಡೆದಾಟದ ಪಿಚ್ಚರ್ ಹಾಕ್ತೀನಿ."

ಕಾಂತರಾಜು ಹೊಡೆದಾಟವನ್ನು ಅಲ್ಲೇ ತೋರಿಸಲು ಸಿದ್ಧನಾದ. ಸಿನಿಮಾ ತೆಗೆದರೆ ಭೇರ್ಯದ ಪಂಕ್ತಿಯಲ್ಲಿ ಇನ್ನು ಜನ್ಮವಿಡೀ ತಲೆಯೆತ್ತುವಂತಿಲ್ಲ. ಹತ್ತು ನಿಮಿಷ ಕೂಗಾಡಿದ ಮೇಲೆ ನಂಜುಂಡೇಶ್ ಕೈಮುಗಿದ. "ಸರಿ ಗೌಡ್ರೇ, ನಾಳೆ ಮ್ಯಾಟ್ನಿ ಒಂದು ನೋಡ್ತೀನಿ. ಜನ ಬರ್ಬೇಕು. ಬಂದೋರು ನಗ್ಬೇಕು. ನಕ್ರೆ ಭಾನುವಾರ ಇರ್ತದೆ."

ಜನ ಎಲ್ಲಿಂದ ತರುವುದು? ಊರಿನಲ್ಲಿ ಹೊಗೆಸೊಪ್ಪು ಮುರಿಯುವ ಕಾಲ. ಸೊಪ್ಪು ಹಣ್ಣಾದರೆ ಕಾಯುವುದಿಲ್ಲ, ಅದನ್ನು ಹದಗೊಳಿಸುವ ಬ್ಯಾರನ್ನಿನಲ್ಲಿ ಬೆಂಕಿ ಆರುವಂತಿಲ್ಲ. ಸತ್ತವರ ತಿಥಿಗೂ ಜನ ಸೊಪ್ಪಿನ ಅಂಟು ಕೈಯಲ್ಲೇ ಬಂದು ಉಂಡು ಓಡುವ ದಿನಗಳವು. ಪುಕ್ಕಟೆ ಸಿನಿಮಾ ತೋರಿಸುತ್ತೇನೆ ಎಂದರೆ ನೆರೆಮನೆಯ ದೇವಯ್ಯ ತಲೆ ಕೂಡ ಎತ್ತಲಿಲ್ಲ. "ನನ್ ಸೊಪ್ಪು ಯಾರು ಮುರೀತಾರಣ್ಣ, ನಿನ್ ಹೀರೋಯಿನ್ನಾ?"

"ನಾನ್ ಮುರೀತೀನಿ ಕಣ್ಲಾ," ಅಂದುಬಿಟ್ಟ ಕಾಂತರಾಜು. "ನಾಳೆ ನೀನು ಬಂದು ನಗು. ಆಮ್ಯಾಕೆ ನಿನ್ ಹೊಲಕ್ಕೆ ನಾನು ಬತ್ತೀನಿ. ಮುಯ್ಯಾಳು."

ಮುಯ್ಯಾಳೆಂದರೆ ಇವತ್ತು ನನ್ನ ಹೊಲಕ್ಕೆ ನೀನು, ನಾಳೆ ನಿನ್ನ ಹೊಲಕ್ಕೆ ನಾನು. ಕೂಲಿಯಿಲ್ಲ, ಬರಹವಿಲ್ಲ. ಕಟ್ಟುಪಾಡು ಒಂದೇ: ನೀನು ನನ್ನಲ್ಲಿ ಹೇಗೆ ದುಡಿದೆಯೋ ನಾನು ನಿನ್ನಲ್ಲಿ ಹಾಗೇ ದುಡಿಯುವುದು. ನೀನು ಮೈಗಳ್ಳನಾದರೆ ನಾನೂ ಮೈಗಳ್ಳ. ಆದ್ದರಿಂದ ಮುಯ್ಯಾಳಾಗಿ ಬಂದವರಷ್ಟು ನಿಯತ್ತಿನಿಂದ ಸಂಬಳದವರು ಯಾವ ಕಾಲಕ್ಕೂ ದುಡಿದಿಲ್ಲ.

ಸುದ್ದಿ ಬೀದಿಯುದ್ದಕ್ಕೂ ಹಬ್ಬಿತು. ಆದರೆ ಪುಟ್ಟತಾಯಮ್ಮ ಒಪ್ಪದೆ ಯಾರೂ ಹೊರಡುವಂತಿರಲಿಲ್ಲ. ಊರಿನಲ್ಲಿ ಯಾರ ಹೊಲಕ್ಕೆ ಆಳು ಇಳಿದರೂ ಮೊದಲ ಸಾಲು ಅವಳದೇ. ವಯಸ್ಸು ಅರವತ್ತು ದಾಟಿತ್ತು, ನಾಲಿಗೆಗೆ ಇನ್ನೂ ಇಪ್ಪತ್ತೇ.

"ಏನ್ ಕೆಲ್ಸ?" ಎಂದು ಕೇಳಿದಳು.

"ಕೂತ್ಕಂಡು ನಗೋದು."

"ಎಷ್ಟೊತ್ತು?"

"ಎರಡೂವರೆ ಗಂಟೆ."

"ನಡುವೆ ಅಳೋದೇನಾರ ಅದಾ?"

"ಇಲ್ಲ ಕಣವ್ವ. ನಗೋದೊಂದೇ."

"ಅಂಗಾರೆ ಕಷ್ಟದ್ ಕೆಲ್ಸ ಕಣಪ್ಪ. ಅಳು ಸಿಕ್ಕಿದ್ರೆ ಉಸಿರು ತಗಬೋದು." ಅವಳು ಎಲೆಯಡಿಕೆ ಉಗಿದು ಯೋಚಿಸಿದಳು. "ಊಟ ನಿಮ್ಮನೇದೇ ತಾನೆ?"

ಮುಯ್ಯಾಳಿಗೆ ಊಟ ಕೆಲಸದ ಮನೆಯವರದೇ. ಕಾಂತರಾಜುವಿನ ಹೆಂಡತಿ ಮಾಯಮ್ಮ ಶನಿವಾರ ನಸುಕಿಗೇ ಎದ್ದು ಮುದ್ದೆ ಕಟ್ಟಿ, ಹುರುಳಿಕಾಳಿನ ಬಸ್ಸಾರು ಕಾಯಿಸಿದಳು. "ನಿಮ್ ಸಿಟ್ಟಿಗೆ ನಾನು ಎಷ್ಟು ಸಲ ಮುದ್ದೆ ತಿರುಗ್ಸಬೇಕೋ," ಎನ್ನುತ್ತಾ ಡಬರಿಯ ಬಾಯಿಗೆ ಬಟ್ಟೆ ಕಟ್ಟಿದಳು. ಲಗೇಜ್ ಆಟೋ ಎರಡು ಟ್ರಿಪ್ ಹೊಡೆದು ಆಳುಗಳನ್ನೂ ಡಬರಿಯನ್ನೂ ಹುಣಸೂರಿಗೆ ಇಳಿಸಿತು. ತಲೆಗೆ ಟವಲು ಸುತ್ತಿ, ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಸಾಲಾಗಿ ಬಂದ ಪ್ರೇಕ್ಷಕರನ್ನು ಕಂಡ ನಂಜುಂಡೇಶ್, ಥಿಯೇಟರ್ ಕೀಳಲು ಬಂದವರೆಂದು ತಿಳಿದು ಮಾಲೀಕರಿಗೆ ಫೋನು ಹಚ್ಚಿದ.

ಒಳಗೆ ಪುಟ್ಟತಾಯಮ್ಮ ಕೆಲಸ ಹಂಚಿದಳು. "ಎಲ್ಲಾ ಒಟ್ಗೆ ನಕ್ಬುಟ್ರೆ ಇಂಟ್ರವಲ್‌ಗೇ ಸುಸ್ತಾಯ್ತೀರ. ಸಾಲ್ ಹಿಡೀರಿ. ಮುಂದ್ಲ ಸಾಲು ಮೊದ್ಲು ನಗ್ಲಿ. ಅವ್ರು ದಣಿದ್ ಮ್ಯಾಲೆ ಎರಡ್ನೇ ಸಾಲು ಎತ್ಕಳ್ಳಿ. ದೇವಯ್ಯ, ನೀನು ಕೊನೇಲಿ ಕುಂತ್ಕಂಡು ಯಾರಾರ ಬುಟ್ಟೋದ್ರೆ ಅದ್ನ ನಗು."

ದೀಪ ಆರಿತು. ಮೊದಲು ಬಂದದ್ದು ತಂಬಾಕಿನಿಂದ ಶ್ವಾಸಕೋಶ ಹಾಳಾಗುವ ಸರ್ಕಾರಿ ಜಾಹೀರಾತು. ದೇವಯ್ಯ ಮುಂದಕ್ಕೆ ಬಗ್ಗಿ ಪಿಸುಗುಟ್ಟಿದ. "ಅಣ್ಣ, ಇವ್ರು ನಮ್ ಬೆಳೇನೇ ಬಯ್ತಾವ್ರಲ್ಲ. ಇದ್ಕೂ ನಗ್ಬೇಕಾ?"

"ಇದು ಸಿನಿಮಾ ಅಲ್ಲ ಕಣ್ಲಾ, ಇದ್ಕೆ ಬ್ಯಾಡ," ಎಂದು ಕಾಂತರಾಜು ಹೇಳುವಷ್ಟರಲ್ಲಿ ಮುಂದಿನ ಸಾಲು ಕೆಲಸ ಹಿಡಿದಾಗಿತ್ತು. ಪರದೆಯ ಮೇಲೆ ರೋಗಿ ಕೆಮ್ಮುತ್ತಿದ್ದಾನೆ, ಕೆಳಗೆ ಹೊಗೆಸೊಪ್ಪಿನ ರೈತರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಾರೆ. ಬಾಲ್ಕನಿಯಲ್ಲಿದ್ದ ಕಾಲೇಜು ಹುಡುಗರು ಎದ್ದು ಬಗ್ಗಿ ನೋಡಿದರು.

ಸಿನಿಮಾ ಶುರುವಾಯಿತು. ಆಳುಗಳು ಒಂದು ಮಾತನ್ನೂ ವ್ಯರ್ಥವಾಗಲು ಬಿಡಲಿಲ್ಲ. ಹೀರೋ ಬಸ್ಸಿನಿಂದ ಇಳಿದರೆ ನಕ್ಕರು, ಬಸ್ಸು ಹೊರಟುಹೋದರೆ ನಕ್ಕರು. ಹೀರೋನ ತಾಯಿಯನ್ನು ಆಸ್ಪತ್ರೆಗೆ ಸೇರಿಸುವ ಹೊತ್ತಿಗೆ ಎರಡನೆಯ ಸಾಲಿನ ಸರದಿ ಬಂದಿತ್ತು. ಹೊಸದಾಗಿ ಕೆಲಸ ಹಿಡಿದವರ ಉತ್ಸಾಹವೇ ಬೇರೆ. ಆ ತಾಯಿ ಮಗನ ಕೈ ಹಿಡಿದು ಕೊನೆಯ ಮಾತು ಹೇಳಿದ್ದು ಯಾರಿಗೂ ಕೇಳಿಸಲಿಲ್ಲ. "ಬಲಗಡೆ ತುದಿ ಸರ್ಯಾಗಿ ಬರ್ತಾ ಇಲ್ಲ," ಎಂದು ಪುಟ್ಟತಾಯಮ್ಮ ಕತ್ತಲಲ್ಲೇ ಗದರಿದಳು. ಬಲತುದಿಯಲ್ಲಿದ್ದ ಮಂಚಯ್ಯ ಹಲ್ಲುಸೆಟ್ಟು ಜೇಬಿಗೆ ಹಾಕಿಕೊಂಡು ಇನ್ನೂ ಜೋರು ಮಾಡಿದ. ಬಾಲ್ಕನಿಯ ಹುಡುಗರು ಈಗ ಪರದೆ ನೋಡುವುದನ್ನೇ ಬಿಟ್ಟು ಮೊಬೈಲು ಕೆಳಕ್ಕೆ ತಿರುಗಿಸಿ ಹಿಡಿದುಕೊಂಡಿದ್ದರು.

"ಹೀರೋಯಿನ್ ಎಲ್ಲಣ್ಣ?" ಎಂದು ದೇವಯ್ಯ ಮತ್ತೆ ಬಗ್ಗಿದ. "ಆವಾಗ್ಲಿಂದ ಯಾವಳೋ ಬಿಳೀ ಹುಡುಗಿ ಓಡಾಡ್ತಾವ್ಳೆ."

"ತಡ್ಕಳ್ಲಾ. ಬತ್ತಾಳೆ."

ಬಂದಳು. ಎಂಟು ಜನ ವೇದಿಕೆಯ ಮೇಲೆ ಸಾಲಾಗಿ ನಿಂತರು. ಎಡಗಡೆಯಿಂದ ನಾಲ್ಕನೆಯವಳು ಅನುಶ್ರೀ. ಆ ಬಿಳೀ ಹುಡುಗಿ ಮುಂದೆ ಬಂದು ಹಾಡಿದಳು. ಪಕ್ಕದವರು ರಾಗ ಎಳೆದರು. ಅನುಶ್ರೀ ಬಾಯಿ ತೆರೆದಳು. ಹೊರಬಂದದ್ದು "ಡುಂ". ಸ್ವಲ್ಪ ಹೊತ್ತಿಗೆ ಇನ್ನೊಂದು "ಡುಂ". ಆಮೇಲೆ "ಡುಡುಂ".

ಕಾಂತರಾಜುವಿನ ಕಿವಿ ಕೆಂಪಾಯಿತು. ಎಲ್ಲರ ಹಾಡೂ ಬರುತ್ತಿದೆ, ತನ್ನ ಮಗಳ ಹಾಡು ಮಾತ್ರ ಕೆಟ್ಟಿದೆ. ಒಂದೇ ಉಸಿರಿಗೆ ಮೆಟ್ಟಿಲು ಹತ್ತಿ ಪ್ರೊಜೆಕ್ಟರ್ ರೂಮಿನ ಬಾಗಿಲು ಗುದ್ದತೊಡಗಿದ. ಬಾಗಿಲು ಮುರಿದೀತೆಂದು ನಂಜುಂಡೇಶ್ ಓಡಿಬಂದು ಸಿನಿಮಾ ನಿಲ್ಲಿಸಿ ದೀಪ ಹಾಕಿಸಿದ.

"ನನ್ ಮಗಳ ದನಿ ಏನ್ ಮಾಡ್ದೆ?"

"ಯಾರ ದನಿ?"

"ನಾಲ್ಕನೇವಳು. ಬಾಯಿ ಬುಟ್ರೆ ಡುಂ ಅಂತದೆ. ನಿನ್ ಸ್ಪೀಕರ್ ತೂತಾಗದೆ."

"ಗೌಡ್ರೇ, ಆ ದನಿ ಅವರದೇ. ಇವರ ಹಾಡಿಗೆ ವಾದ್ಯ ಇರಲ್ಲ. ಎಲ್ಲಾ ಬಾಯಲ್ಲೇ. ಅವರು ಡ್ರಮ್ಮು."

"ಯಾರ್ಲಾ ಡ್ರಮ್ಮು?" ಎಂದು ಕಾಂತರಾಜು ಅವನ ಕಾಲರಿಗೆ ಕೈ ಹಾಕಿದ. ನಂಜುಂಡೇಶ್ ಕಾಲರನ್ನು ಅವನ ಕೈಯಲ್ಲೇ ಬಿಟ್ಟು, "ನೀವೇ ಕೇಳ್ನೋಡಿ," ಅಂದ. ಕಾಂತರಾಜು ಇನ್ನೊಂದು ಕೈಯಲ್ಲಿ ಮಗಳಿಗೆ ಫೋನು ಮಾಡಿದ.

"ಹೌದಪ್ಪ, ಹೇಳಿದ್ನಲ್ಲ ನಿಂಗೆ," ಅಂದಳು ಅನುಶ್ರೀ.

"ನಾಲ್ಕನೇವಳು ಅಂದೆ. ಡುಂ ಅಂತ ಎಲ್ಲಂದೆ? ಸಂಗೀತದ ಮೇಷ್ಟ್ರ ಮನೆಗೆ ನಿನ್ನ ಅಷ್ಟೊರ್ಷ ಕಳ್ಸಿದ್ದು ಡುಂ ಅನ್ನಕಾ?"

"ಅಪ್ಪಾ, ಉಳಿದ ಏಳು ಜನದಲ್ಲಿ ಯಾರು ತಪ್ಪಿದ್ರೂ ಹಾಡು ಮುಂದಕ್ಕೋಗ್ತದೆ. ನಾನು ನಿಲ್ಲಿಸಿದ್ರೆ ಎಲ್ಲಾರೂ ನಿಲ್ಲಿಸ್ಬೇಕು. ಪೂರ್ತಿ ನೋಡಿಬಿಟ್ಟು ಬೈಯಿ."

ಅವನು ಕೆಳಗಿಳಿದಾಗ ಥಿಯೇಟರಿನಲ್ಲಿ ಹುರುಳಿ ಬಸ್ಸಾರಿನ ಘಮ ತುಂಬಿತ್ತು. ಕೆಲಸ ನಿಂತರೆ ಊಟದ ಹೊತ್ತು ಎಂಬುದು ಆಳುಗಳ ನಿಯಮ. ಪುಟ್ಟತಾಯಮ್ಮ ಸೀಟುಗಳ ನಡುವೆ ಡಬರಿ ಬಿಚ್ಚಿ ಮುದ್ದೆ ಹಂಚುತ್ತಿದ್ದಳು. ಬಾಲ್ಕನಿಯ ಹುಡುಗರಲ್ಲಿ ಕೆಲವರು ಆಗಲೇ ಕೆಳಗಿಳಿದು ಎಲೆ ಹಿಡಿದು ಕೂತಿದ್ದರು. "ತಿನ್ರಪ್ಪ. ತಿಂದ್ ಮ್ಯಾಲೆ ನೀವೂ ಒಂದ್ ಸಾಲು ಹಿಡ್ಕಳಿ," ಎಂದು ಅವಳು ಅವರನ್ನೂ ಕೆಲಸಕ್ಕೆ ಸೇರಿಸಿಕೊಂಡಳು.

ಮತ್ತೆ ಸಿನಿಮಾ ಶುರುವಾಯಿತು. ಕೊನೆಯ ಪೈಪೋಟಿಯ ಹೊತ್ತಿಗೆ ಎಲ್ಲ ಸಾಲುಗಳೂ ದಣಿದಿದ್ದವು. ಪರದೆಯ ಮೇಲೆ ಎದುರಾಳಿ ಗುಂಪಿನ ನಾಯಕ ಎದೆಯುಬ್ಬಿಸಿ ತಾರಕಕ್ಕೆ ಏರಿಸಿದ. ಎಲ್ಲಿಂದಲೋ ಹಾರಿಬಂದ ನೊಣ ಸೀದಾ ಅವನ ಬಾಯೊಳಗೆ ಹೋಯಿತು. ಅವನು ಕೆಮ್ಮಿದ. ಅವನು ಏನು ಮಾಡಿದರೂ ಹಾಗೇ ಮಾಡಬೇಕೆಂದು ಕಲಿತಿದ್ದ ಹಿಂದಿನವರು, ಅದೂ ರಾಗದ ಒಂದು ಭಾಗವೆಂದು ತಿಳಿದು ತಾಳಕ್ಕೆ ಸರಿಯಾಗಿ ಕೆಮ್ಮತೊಡಗಿದರು. ತೀರ್ಪುಗಾರನೊಬ್ಬ ಕಣ್ಣು ಮುಚ್ಚಿ ತಲೆದೂಗಿದ.

ಥಿಯೇಟರಿನಲ್ಲಿ ಏನೋ ಒಡೆದಂತಾಯಿತು. ಸಾಲು ಗೀಲು ಏನೂ ಉಳಿಯಲಿಲ್ಲ. ಮಂಚಯ್ಯ ಸೀಟಿನಿಂದ ಜಾರಿ ಕೆಳಗೆ ಕೂತ. ಪುಟ್ಟತಾಯಮ್ಮ ಸೆರಗು ಬಾಯಿಗೆ ತುರುಕಿಕೊಂಡರೂ ತಡೆಯಲಾಗಲಿಲ್ಲ. ಎದುರಾಳಿಗಳ ಅವಸ್ಥೆ ಕಂಡು ಪರದೆಯ ಮೇಲಿನ ಬಿಳೀ ಹುಡುಗಿಯೂ ನಕ್ಕು, ತನ್ನ ಹಾಡಿನ ಸಾಲೇ ಮರೆತಳು. ಅವಳ ಗುಂಪು ಒಬ್ಬೊಬ್ಬರಾಗಿ ನಿಂತುಹೋಯಿತು. ನಾಲ್ಕನೆಯವಳು ಮಾತ್ರ ನಿಲ್ಲಲಿಲ್ಲ. ಡುಂ. ಡುಂ. ಡುಡುಂ. ಅದನ್ನು ಹಿಡಿದುಕೊಂಡೇ ಒಬ್ಬೊಬ್ಬರಾಗಿ ಮತ್ತೆ ಎದ್ದರು, ಹಾಡು ಮೇಲೆದ್ದಿತು. ಕಾಂತರಾಜು ನಗುತ್ತಿದ್ದವನು ಬಾಯಿ ಮುಚ್ಚಿ, ಟವಲಿನಿಂದ ಮುಖ ಒರೆಸಿಕೊಂಡ. ಸೆಕೆ ಅಂದ, ಯಾರೂ ಕೇಳದಿದ್ದರೂ.

ಅಷ್ಟಕ್ಕೇ ಮನೆಗೆ ಹೋಗಿದ್ದರೆ ಚೆನ್ನಾಗಿರುತ್ತಿತ್ತು. ಗೇಟಿನಲ್ಲಿ ಯೂಟ್ಯೂಬಿನವನು ಮೈಕು ಹಿಡಿದು ನಿಂತಿದ್ದ. ಕಾಂತರಾಜು ಎಲ್ಲರಿಗೂ "ಸೂಪರ್ ಅನ್ನಿ, ಅಷ್ಟೇ ಸಾಕು" ಎಂದು ಹೇಳಿಕೊಡುವ ಮೊದಲೇ ಮೈಕು ಪುಟ್ಟತಾಯಮ್ಮನ ಬಾಯಿಗೆ ಬಂದಿತ್ತು.

"ಅಜ್ಜಿ, ಸಿನಿಮಾ ಹೆಂಗಿತ್ತು?"

"ನಂಗೇನ್ ಗೊತ್ತಪ್ಪ? ನಾನು ಮುಯ್ಯಾಳಿಗೆ ಬಂದಿದ್ದೆ."

"ಅಂದ್ರೆ?"

"ಈ ಕಾಂತಣ್ಣ ನಗ್ಬೇಕು ಅಂದ. ನಕ್ಕೆ. ನಾಳೆ ನನ್ ಹೊಲ್ದಲ್ಲಿ ಸೊಪ್ಪು ಮುರೀತಾನೆ."

ಕಾಂತರಾಜು ಟವಲನ್ನು ಮೈಕಿನ ಮೇಲೆ ಹಾಕಿದ. ಅವಳು ಟವಲನ್ನು ತೆಗೆದು ಅವನ ಹೆಗಲಿಗೇ ಹಾಕಿ ಮುಂದುವರಿಸಿದಳು. "ಆ ನೊಣ ನುಂಗ್ದಾಗ ಮಾತ್ರ ನಂಗೇ ನಗು ಬಂದ್ಬುಡ್ತು. ಅದ್ಕೆ ಮುಯ್ಯಿ ಬ್ಯಾಡ ಕಾಂತಣ್ಣ. ಅದು ನನ್ ಸ್ವಂತದ್ದು."

"ಹೀರೋಯಿನ್ ಹೆಂಗ್ ಮಾಡವ್ಳೆ?" ಎಂದು ಮೈಕು ದೇವಯ್ಯನ ಕಡೆ ತಿರುಗಿತು.

"ಈ ಅಣ್ಣನ ಮಗಳೇ ಹೀರೋಯಿನ್ನು ಅಂತಂದಿದ್ರು," ಅಂದ ದೇವಯ್ಯ ಪ್ರಾಮಾಣಿಕವಾಗಿ. "ಆದ್ರೆ ಆ ಮಗು ಡುಂ ಅನ್ನದು ಬುಟ್ರೆ ಇನ್ನೇನೂ ಅನ್ನಲಿಲ್ಲ."

ಸಂಜೆಯೊಳಗೆ ಆ ವಿಡಿಯೋ ಪಿರಿಯಾಪಟ್ಟಣ ದಾಟಿ ಎಚ್.ಡಿ. ಕೋಟೆ ಮುಟ್ಟಿತ್ತು. ಟವಲು ಹಿಡಿದು ಕೂಗಾಡುವ ಕಾಂತರಾಜುವಿನ ಮುಖದ ಮೇಲೆ ಯಾರೋ 'ನಗುವಿನ ಮೇಸ್ತ್ರಿ' ಎಂದು ಬರೆದಿದ್ದರು. ಸೊಸೈಟಿ ಕಾರ್ಯದರ್ಶಿ ಫೋನು ಮಾಡಿ, "ನಮ್ ವಾರ್ಷಿಕ ಸಭೇಲಿ ಅಧ್ಯಕ್ಷರ ಭಾಷಣಕ್ಕೂ ಸ್ವಲ್ಪ ಜನ ಕಳ್ಸಣ್ಣ," ಎಂದು ಕೇಳಿದ. ನಂಜುಂಡೇಶ್ ಫೋನು ಮಾಡಿ, "ಭಾನುವಾರದ ಎಲ್ಲಾ ಆಟಕ್ಕೂ ಟಿಕೆಟ್ ಖಾಲಿ. ಜನ ನಿಮ್ ಆಳುಗಳನ್ನ ನೋಡಕೆ ಬರ್ತಾವ್ರೆ. ದಯಮಾಡಿ ಕಳ್ಸಿ. ಕಾಲರ್ ವಿಷ್ಯ ಮರ್ತಿದೀನಿ," ಅಂದ.

ಕಾಂತರಾಜುವಿಗೆ ಯಾವುದೂ ತಲೆಗೆ ಹೋಗಲಿಲ್ಲ. ಸಿನಿಮಾ ಉಳಿಯಿತು, ಮಾನ ಉಳಿಯಲಿಲ್ಲ. ಭೇರ್ಯದಲ್ಲೂ ಮೊಬೈಲುಗಳಿವೆ.

ಭಾನುವಾರ ಥಿಯೇಟರಿನಲ್ಲಿ ಅಕ್ಕನ ಎದುರು ನಿಲ್ಲಬೇಕಾಗಿದ್ದವನು ಪುಟ್ಟತಾಯಮ್ಮನ ಹೊಲದಲ್ಲಿ ಬಗ್ಗಿ ನಿಂತಿದ್ದ. ಅವಳ ಸೊಪ್ಪು ಹಣ್ಣಾಗಿತ್ತು, ಮುಯ್ಯಿ ಮುಂದಕ್ಕೆ ಹಾಕುವಂತಿರಲಿಲ್ಲ. ಒಂದು ಲೆಕ್ಕಕ್ಕೆ ಅವನಿಗೂ ಅದೇ ಬೇಕಾಗಿತ್ತು. ಸಂಜೆಯ ಹೊತ್ತಿಗೆ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಮರಮ್ಮ. ಅಂಟು ಕೈಯನ್ನು ಟವಲಿಗೆ ಒರೆಸಿ ಎತ್ತಿದ.

"ನೋಡ್ದೆ ಕಣೋ," ಅಂದಳು ಮರಮ್ಮ. "ಹೀರೋಯಿನ್ ಅಲ್ಲ ಅನು."

ಕಾಂತರಾಜು ಅಂಟು ಕೈಯನ್ನು ಮತ್ತೊಮ್ಮೆ ಟವಲಿಗೆ ಒರೆಸಿದ. ಅಕ್ಕನ ಮಾತಿಗೆ ಅವನಿಗೆ ಸಿಟ್ಟು ಬಾರದ್ದು ಮದುವೆಯ ದಿನ ಬಿಟ್ಟರೆ ಇದೇ ಮೊದಲು.

"ಆ ಹೀರೋಯಿನ್ ಏನೋ ಕಿರುಚ್ತಾಳಪ್ಪ, ಒಂದ್ ಕಿವೀಲಿ ಬಂದು ಇನ್ನೊಂದ್ರಲ್ಲಿ ಹೋಯ್ತದೆ. ನಮ್ ಅನು ಡುಂ ಅಂದ್ರೆ ನಾನ್ ಕುಂತಿದ್ ಕುರ್ಚಿ ಅದುರ್ತು. ಇಂಟ್ರವಲ್‌ನಲ್ಲಿ ಪಕ್ಕದೋಳಿಗೆ ಹೇಳ್ದೆ, ಆ ಸದ್ದು ನನ್ ತಮ್ಮನ ಮಗಳದು ಅಂತ. ಅವ್ಳು ನಂಬ್ಲಿಲ್ಲ. ಎದ್ದೇಳು, ನಿನ್ ಕುರ್ಚಿ ಮುಟ್ನೋಡು ಅಂದೆ."

"ಅಕ್ಕಾ," ಅಂದ ಕಾಂತರಾಜು.

"ಮನೆಮಂದಿಯೆಲ್ಲ ನಕ್ಕೂ ನಕ್ಕೂ ಸುಸ್ತಾಗಿ ಬಂದಿದೀವಿ. ಮಕ್ಳು, ಸೊಸೆದೀರು, ಬೀಗ್ರು, ಒಬ್ರೂ ಮೈಗಳ್ಳತನ ಮಾಡ್ಲಿಲ್ಲ. ಬುಧವಾರ ನಮ್ಮಲ್ಲಿ ಭತ್ತದ ನಾಟಿ. ಎಲ್ಲಾರ ಮುಯ್ಯೂ ಒಂದೇ ಸಲ ತೀರ್ಸ್‌ಬುಡು. ಮಾಯಮ್ಮನ್ನೂ ಕರ್ಕಂಡ್ ಬಾ."

ಕಾಂತರಾಜುವಿಗೆ ಸಿಟ್ಟು ಬಂತು. ಬೆನ್ನು ನೆಟ್ಟಗೆ ಮಾಡಿ, ಉಸಿರೆಳೆದು, ಬಾಯಿಗೆ ಬಂದದ್ದನ್ನು ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಮುಂದಿನ ಸಾಲಿನಿಂದ ಪುಟ್ಟತಾಯಮ್ಮ ತಿರುಗಿದಳು.

"ಬಗ್ಗು ಕಾಂತಣ್ಣ. ನಿನ್ ಮಗಳ ಪಿಚ್ಚರ್‌ಗೆ ನಗುವಾಗ ನಾನೇನಾರ ನಡುವೆ ಫೋನ್ ಎತ್ತಿದ್ನಾ?"